ವಾಸನೆ ಹೋಯಿತು ಅಂದೆಯಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಪುಟ್ಟ ಬ್ಯಾಟರಿಯನ್ನು ಸೀಟಿನ ಹಿಂದೆ ಇಟ್ಟು ಕಾರಿನ ತೂಕ ಇಳಿಸಿದ ಕಥೆಯೆಲ್ಲ ಚೆನ್ನಾಗಿದೆ, ಅದನ್ನು ಆಮೇಲೆ ಮಾತಾಡೋಣ. ಕೊನೆಯಲ್ಲಿ, ಸಹಿ ಹಾಕುವ ಮುಂಚೆ, ಒಂದು ಸಾಲು ಬರೆದಿದ್ದೀಯಲ್ಲ: "ಗಾಜು ಏರಿಸಿಕೊಂಡು ಓಡಿಸುವಾಗ ಸೀಟಿನ ಹಿಂದಿನಿಂದ ಕೊಳೆತ ಮೊಟ್ಟೆ ವಾಸನೆ ಬರುತ್ತೆ, 10 ನಿಮಿಷಕ್ಕೆ ತಾನಾಗಿಯೇ ಹೋಗುತ್ತೆ, ಏನಾದರೂ ತೊಂದರೆ ಇದೆಯಾ?" ಅಂತ. ಅಲ್ಲಿಗೆ ಬಂದು ನಿಂತುಬಿಟ್ಟೆ. ಆಗಲೇ ಫೋನ್ ಮಾಡಿ ಆ ಕಾರು ಮುಟ್ಟಬೇಡ ಅಂದೆ. ನೀನು ನಕ್ಕು "ಆಯ್ತು ದೊಡ್ಡಪ್ಪ" ಅಂದೆ. ಆ "ಆಯ್ತು" ಎಂಥದ್ದು ಅಂತ ನನಗೆ ಗೊತ್ತು ಕಣೇ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಅನ್ನುತ್ತಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವಾಸನೆ ಬಂತು ಅಂದಿದ್ದಕ್ಕಿಂತ, ಹೋಯಿತು ಅಂದೆಯಲ್ಲ, ನನಗೆ ಹೆದರಿಕೆ ಅದರದ್ದು. ಅದು ಹೈಡ್ರೋಜನ್ ಸಲ್ಫೈಡ್ ಗ್ಯಾಸಿನ ವಾಸನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಕೂಡ ಇಲ್ಲದಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ಆದರೆ ಅದರಲ್ಲೇ ಕೂತಿದ್ದರೆ ಮೂಗು ಸೋತುಹೋಗುತ್ತದೆ. 100 ಪಾಲಿನ ಹತ್ತಿರ ಹೋದರಂತೂ ವಾಸನೆಯೇ ಗೊತ್ತಾಗುವುದಿಲ್ಲ. ನಿನ್ನ ಕಾರಿನಲ್ಲಿ ಅಷ್ಟೊಂದು ಇರಲಿಕ್ಕಿಲ್ಲ, ಇದ್ದಿದ್ದರೆ ತಲೆ ಸುತ್ತಿ ಕಣ್ಣು ಉರಿದು ನಿನಗೇ ಗೊತ್ತಾಗುತ್ತಿತ್ತು. ಆದರೂ, ವಾಸನೆ ಹೋಯಿತೋ ನಿನ್ನ ಮೂಗು ಹೋಯಿತೋ, ಯಾರಿಗೆ ಗೊತ್ತು? ಒಮ್ಮೆ ಕೆಳಗಿಳಿದು, ಐದು ನಿಮಿಷ ದೂರ ನಿಂತು, ಮತ್ತೆ ಬಾಗಿಲು ತೆಗೆದು ನೋಡಿದ್ದೀಯಾ? ನೋಡಿರಲಾರೆ.

ಈ ಮಾತು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾವು ರೇಸಿಗೆ ಕಾರು ತಯಾರು ಮಾಡುತ್ತಿದ್ದ ದಿನಗಳಲ್ಲಿ ತೂಕದ ಹುಚ್ಚು ನಮಗೆಲ್ಲ ತಲೆಗೇರಿತ್ತು. ಕಾರ್ಪೆಟ್ ಕಿತ್ತೆವು, ಹಿಂದಿನ ಸೀಟು ಕಿತ್ತೆವು, ಪೆಡಲಿಗೂ ಡ್ರಿಲ್ ಹಾಕಿ ತೂತು ಕೊರೆದೆವು. ಇನ್ನೇನೂ ಕೀಳುವುದಕ್ಕೆ ಉಳಿಯದಿದ್ದಾಗ ಕಣ್ಣು ಬಿದ್ದದ್ದು ಬ್ಯಾಟರಿ ಮೇಲೆ. 18 ಕೆಜಿ ತೂಗುವ ಡಬ್ಬಿ, ಅದೂ ಕಾರಿನ ಮೂತಿಯಲ್ಲಿ, ಎತ್ತರದಲ್ಲಿ. ಅದನ್ನು ತೆಗೆದು 7 ಕೆಜಿಯ ಪುಟ್ಟ ಸೀಲ್ಡ್ ಬ್ಯಾಟರಿ ತಂದು ಸೀಟಿನ ಹಿಂದೆ, ನೆಲಕ್ಕೆ ಅಂಟಿಸಿದ ಹಾಗೆ ಇಟ್ಟೆವು. 11 ಕೆಜಿ ಉಳಿತಾಯ! ಹಬ್ಬ ಮಾಡಿದಷ್ಟು ಖುಷಿ. (ಈಗ ಅದರ ಎರಡರಷ್ಟನ್ನು ಹೊಟ್ಟೆಗೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ, ಯಾರೂ ಬಿಚ್ಚಿ ಇಡುವವರಿಲ್ಲ.) ನೀನು ಮಾಡಿರುವುದೂ ಅದನ್ನೇ. ಬೈಯುವುದಕ್ಕೆ ನನಗೆ ಬಾಯಿಲ್ಲ.

ಒಂದೆರಡು ತಿಂಗಳಿಗೆ ಓಡಿಸುವ ಹುಡುಗ ಬಂದು "ಅಣ್ಣ, ಒಳಗೆ ಮೊಟ್ಟೆ ವಾಸನೆ" ಅಂದ. ನಾನು ತಲೆ ಎತ್ತಿಯೂ ನೋಡಲಿಲ್ಲ. "ಸೈಲೆನ್ಸರ್ ಕಡೆಯದು, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಬರುತ್ತೆ" ಅಂದೆ. ಅದು ಪೂರ್ತಿ ಸುಳ್ಳೂ ಅಲ್ಲ, ಅಲ್ಲಿಂದಲೂ ಅದೇ ವಾಸನೆ ಬರುತ್ತದೆ. ಆದರೆ ಅದು ಕಾರಿನ ಹೊರಗೆ, ಹಿಂದೆ ನಿಂತವರಿಗೆ ಮೊದಲು ಬರಬೇಕು. ಗಾಜು ಏರಿಸಿದ ಕಾರಿನೊಳಗೆ, ಸೀಟಿನ ಹಿಂದಿನಿಂದ ಬಂದರೆ? ಅಷ್ಟು ಯೋಚನೆ ಮಾಡುವ ಪುರುಸೊತ್ತು ನನಗಿರಲಿಲ್ಲ. ಒಂದು ವಾರಕ್ಕೆ ಅವನೇ "ಈಗ ವಾಸನೆ ಇಲ್ಲ ಅಣ್ಣ" ಅಂದ. ನೀನು ಬರೆದ ಹಾಗೇ. ನಾನು "ನೋಡಿದೆಯಾ" ಅಂದೆ. ಆ "ನೋಡಿದೆಯಾ" ಇವತ್ತಿಗೂ ಚುಚ್ಚುತ್ತದೆ.

ಆಗುವುದೇನು ಗೊತ್ತಾ? ಬ್ಯಾಟರಿಯ ಒಳಗೆ 6 ಸೆಲ್ ಇರುತ್ತವೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14.4 ವೋಲ್ಟ್ ಕೊಟ್ಟರೆ ಒಂದೊಂದಕ್ಕೆ 2.4 ಬರುತ್ತದೆ, ಸರಿ. ಒಂದು ಸೆಲ್ ಶಾರ್ಟ್ ಆಗಿ ಸತ್ತರೆ ಉಳಿದ ಐದೇ ಅದನ್ನು ಹಂಚಿಕೊಳ್ಳಬೇಕು, ಒಂದೊಂದಕ್ಕೆ 2.88. ಆಗ ಒಳಗಿನ ನೀರು ಒಡೆದು ಹೈಡ್ರೋಜನ್ ಆಗುತ್ತದೆ, ಬ್ಯಾಟರಿ ಕಾಯುತ್ತದೆ, ಕಾದಷ್ಟೂ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಒಳಗಿನ ಗಂಧಕಾಮ್ಲದಿಂದ ಆ ಮೊಟ್ಟೆ ವಾಸನೆಯ ಗ್ಯಾಸೂ ಹುಟ್ಟುತ್ತದೆ. ಸೀಲ್ಡ್ ಅಂದರೆ ಏನೂ ಹೊರಗೆ ಬರಲ್ಲ ಅಂದುಕೊಳ್ಳುತ್ತೇವೆ. ಒತ್ತಡ ಏರಿದರೆ ಬಿಡುವುದಕ್ಕೆ ಅದಕ್ಕೂ ಒಂದು ವಾಲ್ವ್ ಇರುತ್ತದೆ ಪುಟ್ಟಿ. ಆ ವಾಲ್ವ್ ಬಿಡುವ ಜಾಗ ನಿನ್ನ ಕುತ್ತಿಗೆಯ ಹಿಂದೆ.

ಸೆಲ್ ಸರಿಯಿದ್ದರೂ, ಆಲ್ಟರ್ನೇಟರಿನ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು 15 ವೋಲ್ಟ್ ದಾಟಿದರೆ ಇದೇ ಕಥೆ. ಇನ್ನೊಂದಿದೆ, ನೀನು ಬ್ಯಾಟರಿ ಹಿಂದಕ್ಕೆ ಸಾಗಿಸುವಾಗ ವೋಲ್ಟೇಜ್ ಅಳೆಯುವ ಸಣ್ಣ ವೈರನ್ನೂ ಜೋಡಿಸಿ ಉದ್ದ ಮಾಡಿದ್ದೀಯಾ? ಆ ಜೋಡಣೆ ಸಡಿಲವಾಗಿದ್ದರೆ ಆಲ್ಟರ್ನೇಟರಿಗೆ ವೋಲ್ಟೇಜ್ ಕಡಿಮೆ ಕಾಣಿಸುತ್ತದೆ, ಪಾಪ ಅದು ಇನ್ನೂ ಏರಿಸುತ್ತದೆ. ನಾನು ಈಗ ಗ್ಯಾರೇಜು ಬಿಟ್ಟ ಮನುಷ್ಯ, ನಿನ್ನ ಕಾರಿನ ವೈರಿಂಗ್ ನೋಡಿಲ್ಲ. ತಪ್ಪು ಹೇಳುತ್ತಿದ್ದರೆ ಕ್ಷಮಿಸು.

ಕಾಗದದ ಮಧ್ಯದಲ್ಲಿ ಇನ್ನೊಂದು ಮಾತು ಬಂದು ಹೋಗಿದೆ. ಎರಡು ವಾರ ನಿಂತಿದ್ದ ಕಾರು ಸ್ಟಾರ್ಟ್ ಆಗಲಿಲ್ಲ, ಬೇರೆ ಕಾರಿನಿಂದ ವೈರ್ ಕೊಟ್ಟು ಎಬ್ಬಿಸಿ ಹಾಗೇ ಟ್ರ್ಯಾಕಿಗೆ ಹೋದೆ ಅಂತ. ನೀನು ಅದನ್ನು ತಮಾಷೆಗೆ ಬರೆದಿದ್ದೀಯ. ನನಗೆ ವಾಸನೆ ಅಲ್ಲೇ ಶುರುವಾಯಿತು ಅನಿಸುತ್ತದೆ. ನಿನ್ನದು 16 ಆಂಪಿಯರ್ ಅವರ್ ಬ್ಯಾಟರಿ. ಗಡಿಯಾರ, ಅಲಾರಂ ಎಲ್ಲ ಸೇರಿ ಸುಮ್ನೆ ನಿಂತ ಕಾರು 50 ಮಿಲಿ ಆಂಪಿಯರ್ ಕುಡಿದರೆ ದಿನಕ್ಕೆ 1.2 ಆಂಪಿಯರ್ ಅವರ್ ಹೋಗುತ್ತದೆ. ಒಂದು ವಾರಕ್ಕೆ ಅರ್ಧ ಖಾಲಿ, ಎರಡು ವಾರಕ್ಕೆ ತಳ. ದೊಡ್ಡ ಬ್ಯಾಟರಿ ಇದನ್ನು ತಡೆದುಕೊಳ್ಳುತ್ತಿತ್ತು. ಹಾಗೆ ಬತ್ತಿದ ಪುಟ್ಟ ಬ್ಯಾಟರಿಗೆ ಆಲ್ಟರ್ನೇಟರ್ ಒಮ್ಮೆಲೇ ಸುರಿದರೆ, ಒಣಗಿದ ಕುಂಡಕ್ಕೆ ಕೊಡದಿಂದ ನೀರು ಸುರಿದ ಹಾಗೆ. ನಿಧಾನದ ಚಾರ್ಜರ್ ಹಾಕಿ ಒಂದು ರಾತ್ರಿ ಬಿಡಬೇಕಿತ್ತು. ಈಗ ಹೇಳಿ ಏನು ಪ್ರಯೋಜನ, ಅಲ್ವಾ?

ನಮ್ಮ ಕಥೆಗೆ ಬರುತ್ತೇನೆ. ಬೇಡ ಅನಿಸಿದರೂ ಬರೆಯುತ್ತೇನೆ, ಮನೆಯಲ್ಲಿ ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಮಾರನೇ ದಿನ ರೇಸ್, ರಾತ್ರಿ ಬ್ಯಾಟರಿಗೆ ಚಾರ್ಜರ್ ಹಾಕಿ ಕಾರಿನ ಬಾಗಿಲು ಮುಚ್ಚಿದ್ದೆವು. ಬೆಳಿಗ್ಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅದೇ ಹುಡುಗನಿಗೆ "ಕ್ಲಿಪ್ ಕಿತ್ತು ಬಾರೋ ಬೇಗ" ಅಂದೆ. ಮೊದಲು ಚಾರ್ಜರ್ ಆಫ್ ಮಾಡು ಅನ್ನಲಿಲ್ಲ. ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡು ಅನ್ನಲಿಲ್ಲ. ಹೈಡ್ರೋಜನ್ ಗಾಳಿಯಲ್ಲಿ 100ಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಕಾಯುತ್ತಿರುತ್ತದೆ. ಅವನು ಕೆಂಪು ಕ್ಲಿಪ್ ಹಿಡಿದು ಎಳೆದ. ಪಟಾಕಿಗಿಂತ ದೊಡ್ಡ ಸದ್ದು. ಬ್ಯಾಟರಿಯ ಮುಚ್ಚಳ ಎರಡು ಹೋಳಾಗಿ ಒಂದು ಹೋಳು ಮುಂದಿನ ಗಾಜಿಗೆ ಬಡಿದಿತ್ತು. ಅವನ ಮುಖವನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಕೂತಿದ್ದೆ, ಎಷ್ಟು ಹೊತ್ತೋ ನೆನಪಿಲ್ಲ. ನನ್ನ ಅಂಗಿಯ ತೋಳು ಆಮೇಲೆ ಕೈಯಲ್ಲೇ ಪುಡಿ ಪುಡಿಯಾಗಿ ಉದುರಿತು. ಅವನ ಬಲಗಣ್ಣು ಉಳಿಯಿತು, ಆದರೆ ಮಂಜು ಮಂಜು. ಮತ್ತೆ ಅವನು ಸ್ಟೀರಿಂಗ್ ಹಿಡಿಯಲಿಲ್ಲ. ಅವನ ಮನೆಗೆ ಒಂದು ಸಲ ಹೋದೆ. ಎರಡನೇ ಸಲ ಹೋಗುವ ಧೈರ್ಯ ಬರಲಿಲ್ಲ.

ವಾಸನೆ ಬಂದ ದಿನವೇ ಬಗ್ಗಿ ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನೀನು ಮುಂದೆ ಲಿಥಿಯಂ ಹಾಕುತ್ತೇನೆ, ಆಗ ಈ ವಾಸನೆಯ ತಾಪತ್ರಯವೇ ಇರಲ್ಲ ಅಂತಲೂ ಬರೆದಿದ್ದೀಯ. ನಿಜ, ಅದರಲ್ಲಿ ಗಂಧಕಾಮ್ಲ ಇಲ್ಲ, ಮೊಟ್ಟೆ ವಾಸನೆ ಬರಲ್ಲ. ತೂಕವೂ ಕಡಿಮೆ. ಪೋರ್ಷೆಯವರು 2009ರ ಕೊನೆಯಲ್ಲಿ 911 ಜಿಟಿ3ಗೆ ಅಂಥದ್ದು ಕೊಡುತ್ತೇವೆ ಅಂದಾಗ ನಾನು ಗ್ಯಾರೇಜಿನಲ್ಲೇ ಇದ್ದೆ, ಎಲ್ಲರೂ ಬಾಯಿ ಬಿಟ್ಟೆವು. 6 ಕೆಜಿಗೂ ಕಡಿಮೆ, ಮಾಮೂಲಿಗಿಂತ 10 ಕೆಜಿ ಹಗುರ. ಆದರೆ ಅವರು ಮಾಮೂಲಿ ಬ್ಯಾಟರಿಯನ್ನೂ ಜೊತೆಗೇ ಕೊಟ್ಟರು, ಕೊರೆಯುವ ಚಳಿಯಲ್ಲಿ ಲಿಥಿಯಂ ಏಳುವುದಿಲ್ಲ ಅಂತ. ಅಷ್ಟು ದೊಡ್ಡ ಕಂಪನಿಯೇ ಹಾಗೆ ಜಾಗ್ರತೆ ಮಾಡಿತು. ಕಬ್ಬಿಣದ ಫಾಸ್ಫೇಟಿನ ಲಿಥಿಯಂ 14.6 ವೋಲ್ಟಿನ ಮೇಲೆ ತಡೆಯುವುದಿಲ್ಲ, ಒಳಗಿನ ರಕ್ಷಣಾ ಸರ್ಕ್ಯೂಟ್ ಕಟ್ ಮಾಡುತ್ತದೆ. ಕಾರು ವೇಗದಲ್ಲಿರುವಾಗ ಹಾಗೆ ಕಟ್ ಆದರೆ? ನಿನ್ನ ಆಲ್ಟರ್ನೇಟರ್ ಈಗ ಎಷ್ಟು ಕೊಡುತ್ತಿದೆ ಅಂತಲೇ ಗೊತ್ತಿಲ್ಲವಲ್ಲ. ಮತ್ತೆ ಅಲ್ಲಿಗೇ ಬಂದೆ ನೋಡು. ವಾಸನೆಯ ಕಾರಣ ಹುಡುಕದೆ ಬ್ಯಾಟರಿ ಬದಲಾಯಿಸಿದರೆ, ರೋಗ ಕಾರಿನಲ್ಲೇ ಉಳಿಯುತ್ತದೆ, ಅದನ್ನು ಹೇಳುತ್ತಿದ್ದ ಮೂಗು ಮಾತ್ರ ಸುಮ್ಮನಾಗುತ್ತದೆ.

ಸೀಟಿನ ಹಿಂದೆ ಇಟ್ಟಿದ್ದೇ ತಪ್ಪು ಅನ್ನುತ್ತಿಲ್ಲ. 1989ರ ಮಜ್ದಾ ಎಂಎಕ್ಸ್-5ರಲ್ಲಿ ಕಂಪನಿಯವರೇ ಸಣ್ಣ ಸೀಲ್ಡ್ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದರು. ಆದರೆ ಅದರಿಂದ ಒಂದು ಸಪೂರ ರಬ್ಬರ್ ಪೈಪು ಕಾರಿನ ಹೊರಕ್ಕೆ ಹೋಗುತ್ತಿತ್ತು. ನಾವು ಆ ಕಾರು ಬಿಚ್ಚಿದ್ದೆವು, ಆ ಪೈಪು ನೋಡಿ "ಇದು ಯಾಕೆ" ಅಂತ ನಕ್ಕಿದ್ದೆವು. ನಿನ್ನದಕ್ಕೆ ಅಂಥ ಪೈಪು ಇದೆಯಾ? ಬ್ಯಾಟರಿಯ ಬದಿಯಲ್ಲಿ ಪೆನ್ಸಿಲ್ ತುದಿಯಷ್ಟು ತೂತು ಇದ್ದರೆ ಅದು ಅದಕ್ಕೇ. ಇಲ್ಲದಿದ್ದರೆ ಮುಚ್ಚಿದ ಪೆಟ್ಟಿಗೆ ಮಾಡಿಸಿ ಪೆಟ್ಟಿಗೆಯಿಂದ ಹೊರಕ್ಕೆ ಪೈಪು ಬಿಡು.

ಬ್ಯಾಟರಿಯನ್ನು ಹೇಗೆ ಬಿಗಿದಿದ್ದೀಯ ಅಂತ ನೀನು ಏನೂ ಬರೆದಿಲ್ಲ. ಬೆಲ್ಟು ಕಟ್ಟಿ ಬಿಟ್ಟಿದ್ದರೆ ಬೈಸಿಕೊಳ್ಳುತ್ತೀಯ. ಜಾಗ ಬದಲಾಯಿಸಿದ ಬ್ಯಾಟರಿಗೆ ಮೋಟಾರು ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಎರಡು ಲೋಹದ ಪಟ್ಟಿ, 10 ಮಿಲಿಮೀಟರ್ ಬೋಲ್ಟು, ಪ್ರತಿ ಬೋಲ್ಟಿನ ಕೆಳಗೆ 3 ಮಿಲಿಮೀಟರ್ ದಪ್ಪದ ತಗಡು ಕೇಳುತ್ತಾರೆ. ಗುದ್ದಿದಾಗ 20 ಪಟ್ಟು ಬಲ ಬಿದ್ದರೆ ನಿನ್ನ 7 ಕೆಜಿ 140 ಆಗುತ್ತದೆ. ಹಿಂದಿನಿಂದ ಮುಂದಕ್ಕೆ ಬರುವ ಕೆಂಪು ಕೇಬಲ್ಲಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಇದೆಲ್ಲ ನಿನಗೆ ಗೊತ್ತಿರುತ್ತದೆ, ಮುದುಕನ ಗೊಣಗಾಟ ಅಂದುಕೋ.

ಮೊದಲು ಮಾಡುವುದು ಇಷ್ಟೇ. ಎಲ್ಲ ಬಾಗಿಲೂ ತೆಗೆದು ಅರ್ಧ ಗಂಟೆ ಬಿಡು. ಬ್ಯಾಟರಿಯ ಪಕ್ಕಕ್ಕೆ ಅಂಗೈ ಬೇಡ, ಬೆರಳಿನ ಹಿಂಬದಿ ತಾಗಿಸಿ ನೋಡು. ಕಾದಿದ್ದರೆ, ಉಬ್ಬಿದ್ದರೆ, ಸ್ಟಾರ್ಟ್ ಮಾಡಲೇಬೇಡ. ತಣ್ಣಗಾದ ಮೇಲೆ ಕಪ್ಪು ವೈರ್ ಮೊದಲು ಬಿಚ್ಚು. ತಣ್ಣಗೇ ಇದ್ದರೆ ವೋಲ್ಟ್ ಅಳೆಯುವ ಮೀಟರ್ ಹಿಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.8ರ ಹತ್ತಿರ ಇರಬೇಕು. 10.5 ತೋರಿಸಿದರೆ ಒಂದು ಸೆಲ್ ಹೋಗಿದೆ ಅಂತ, ಅಲ್ಲಿಗೇ ನಿಲ್ಲಿಸು. ಸರಿಯಿದ್ದರೆ ಎಂಜಿನ್ ಎಬ್ಬಿಸಿ, 2000 ಆರ್‌ಪಿಎಂನಲ್ಲಿ, ಬ್ಯಾಟರಿಯ ಮೇಲೆಯೇ ಅಳೆ. ವಾಸನೆ ಇದೆಯಾ ಅಂತ ನಿನ್ನ ಮೂಗನ್ನು ಕೇಳಬೇಡ, ಹೊರಗೆ ನಿಂತಿದ್ದ ಬೇರೆ ಯಾರನ್ನಾದರೂ ಕರೆದು ಕೇಳು.

ನನ್ನ ಹಳೆಯ ಮೀಟರನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಹೊಸ ಸೆಲ್ ಹಾಕಿದ್ದೇನೆ, ಅಂಕಿ ಸರಿಯಾಗಿ ತೋರಿಸುತ್ತದೆ. ಕಪ್ಪು ವೈರಿನ ಬುಡಕ್ಕೆ ಹಳದಿ ಟೇಪು ಸುತ್ತಿದೆ, ಅದನ್ನು ಬಿಚ್ಚಬೇಡ. ಅದು ಆ ಹುಡುಗ ಸುತ್ತಿದ್ದು. ಅಳೆದ ತಕ್ಷಣ ಎರಡೂ ಅಂಕಿ ಫೋನಿನಲ್ಲಿ ಹೇಳು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿನ್ನ,
ದೊಡ್ಡಪ್ಪ