ಸುಣ್ಣದ ಗೆರೆ ಎಳೆಯುವ ಅಣ್ಣನಿಗೆ, ಮತ್ತು ಉಳಿದವರಿಗೆ

ಆತ್ಮೀಯರೆ,

ಮೇ 31ರ ಶನಿವಾರ ಕಾಲೇಜಿನ ಫುಟ್‌ಬಾಲ್ ಕೋಚ್ ಕೆಲಸದಿಂದ ನಿವೃತ್ತನಾದೆ. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಮೈಕು ಕೈಗೆ ಬಂದಾಗ ನಾಲ್ಕು ಮಾತಾಡಿ ಕುಳಿತುಬಿಟ್ಟೆ. ಇಪ್ಪತ್ತೇಳು ವರ್ಷ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದವನ ಗಂಟಲು ಅಂದು ಏಕೆ ಕೈಕೊಟ್ಟಿತು ಎಂದು ಹಲವರು ಕೇಳಿದ್ದೀರಿ. ನಾನು ಹೇಳಬೇಕಾಗಿದ್ದ ಮಾತು ಪೇಟ ತೊಟ್ಟುಕೊಂಡು ಹೇಳುವಂಥದ್ದಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನಮ್ಮ ತಂಡದ ಹುಡುಗನೊಬ್ಬ ಪಂದ್ಯದ ನಡುವೆ ಹೃದಯ ನಿಂತು ಬಿದ್ದದ್ದು ನಿಮಗೆಲ್ಲ ಗೊತ್ತು. ಯಾವ ಆಸ್ಪತ್ರೆ, ಎಷ್ಟು ದಿನ, ಹೃದಯಕ್ಕೆ ಏನಾಗಿತ್ತು ಎಂಬುದನ್ನೆಲ್ಲ ಬಿಡುತ್ತೇನೆ. ಹುಡುಗ ಚೆನ್ನಾಗಿದ್ದಾನೆ, ಪರೀಕ್ಷೆಗೆ ಓದುತ್ತಿದ್ದಾನೆ. ಹೆಸರು ಬೇಡ ಎಂದು ಅವನ ಅಮ್ಮ ಕೇಳಿಕೊಂಡಿದ್ದಾರೆ. ನಮ್ಮ ಹದಿನಾಲ್ಕನೇ ನಂಬರ್ ಎಂದರೆ ಸಾಕು, ನಿಮಗೆ ತಿಳಿಯುತ್ತದೆ.

ರಜೆ ಕೇಳುವ ಮೊದಲೇ ಕೊಟ್ಟ ಪ್ರಾಂಶುಪಾಲರು, ಮುಂಗಡದ ಚೆಕ್ಕಿಗೆ ರಾತ್ರಿ ಎಂಟಕ್ಕೆ ಸಹಿ ಹಾಕಿದ ಆಡಳಿತ ಮಂಡಳಿಯವರು, ಬೆಳಗಾಗುವುದರೊಳಗೆ ಉಳಿದ ಹಣ ಕೂಡಿಸಿದ ಹಳೆಯ ಆಟಗಾರರು, 108ರ ಸಿಬ್ಬಂದಿ, ರಕ್ತ ಬೇಕಾಗಬಹುದೆಂದು ಸಾಲುಗಟ್ಟಿ ಬಂದು ಬೇಡವಾದ ಮೇಲೂ ಮನೆಗೆ ಹೋಗದ ಹಾಸ್ಟೆಲ್ ಹುಡುಗರು, ಆರು ವಾರ ನನ್ನ ಸಿಡುಕನ್ನು ಸಹಿಸಿದ ನನ್ನ ಹೆಂಡತಿ, ನಿಮ್ಮೆಲ್ಲರಿಗೂ ಋಣಿ. ಎದುರಾಳಿ ತಂಡದ ಗೋಲ್‌ಕೀಪರ್, ನರ್ಸಿಂಗ್ ಓದುತ್ತಿರುವ ಆ ಹುಡುಗ, ನಾನು ಗೆರೆ ದಾಟುವ ಮೊದಲೇ ಓಡಿಬಂದು ಎದೆ ಒತ್ತಲು ಶುರು ಮಾಡಿದ. ಜೀವ ಉಳಿಸಿದವನು ಅವನು. ಅವನಿಗೆ ಮೂರು ವಾಕ್ಯ ಕೊಟ್ಟು ಇನ್ನೊಬ್ಬರಿಗೆ ಪುಟಗಟ್ಟಲೆ ಬರೆಯಹೊರಟಿದ್ದೇನೆ. ಈ ಲೆಕ್ಕ ಸರಿಯಿಲ್ಲ ಎಂದು ನನಗೂ ಗೊತ್ತು. ಅವನಿಗೆ ಎದುರಿಗೇ ಹೇಳಿದ್ದೇನೆ. ಆ ಇನ್ನೊಬ್ಬರಿಗೆ ಎದುರಿಗೆ ಹೇಳಹೋದರೆ ಅವರು ಸುಣ್ಣದ ಬಕೆಟ್ ಎತ್ತಿಕೊಂಡು ಹೊರಟುಬಿಡುತ್ತಾರೆ.

ಅವರ ಕಥೆಗೆ ಬರುವ ಮೊದಲು ನನ್ನ ಗಂಟಲಿನ ಕಥೆ ಸ್ವಲ್ಪ ಹೇಳಬೇಕು.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನ ಹುಡುಗ. ಅಲ್ಲಿ ನಮಗೆ ಅಕ್ಷರಕ್ಕಿಂತ ಮೊದಲು ಚೆಂಡು ಸಿಗುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲೇ ಆಡಿದ ಭಾರತ ತಂಡದ ಕಥೆಯನ್ನು ಹಿರಿಯರು ಮನೆಯ ಮಾತಿನಂತೆ ಹೇಳುತ್ತಿದ್ದರು. ಫ್ರಾನ್ಸ್ ವಿರುದ್ಧದ ಆ ಪಂದ್ಯ 2–1ರಲ್ಲಿ ಹೋಯಿತು, ಎರಡು ಪೆನಾಲ್ಟಿ ಕೈತಪ್ಪಿದವು. ಭಾರತದ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಅಹ್ಮದ್ ಖಾನರ ಕಾಲಿಗೆ ಚೆಂಡು ಹೇಗೆ ಅಂಟಿಕೊಳ್ಳುತ್ತಿತ್ತು ಎಂಬುದನ್ನು ಟೀ ಲೋಟ ಉರುಳಿಸಿ ತೋರಿಸುವ ಮುದುಕರಿದ್ದರು. ಕಾಲೇಜು ತಂಡಕ್ಕೆ ಲೆಫ್ಟ್ ಹಾಫ್ ಆದೆ, ಆಮೇಲೆ ವಿಶ್ವವಿದ್ಯಾಲಯದ ತಂಡಕ್ಕೂ ಆಯ್ಕೆಯಾದೆ. ಆಗ ನಮಗಿದ್ದ ಆಸೆ ಒಂದೇ: ಎಚ್‌ಎಎಲ್, ಐಟಿಐ, ಬಿಇಎಲ್‌ನಂಥ ಕಾರ್ಖಾನೆಯ ತಂಡದಲ್ಲಿ ಆಡಿ, ಅಲ್ಲೇ ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿಯುವುದು. 1987ರಲ್ಲಿ ಆಯ್ಕೆಯ ಟ್ರಯಲ್ಸ್‌ಗೆ ಹತ್ತು ದಿನವಿದ್ದಾಗ ಬಲ ಮೊಣಕಾಲು ಹೋಯಿತು. ಅಲ್ಲಿಗೆ ಆಟ ಮುಗಿಯಿತು. ಇಪ್ಪತ್ತೆರಡನೇ ವಯಸ್ಸಿಗೆ ಮಾಜಿ ಆಟಗಾರನಾದವನು ಏನು ಮಾಡಬೇಕು? ಹತ್ತು ವರ್ಷ ಗುಮಾಸ್ತಿಕೆ ಮಾಡುತ್ತ, ಸಂಜೆ ಬೀದಿಯ ಚಿಕ್ಕ ಹುಡುಗರನ್ನು ಆಡಿಸುತ್ತ ಕಳೆದೆ. ಆಮೇಲೆ ಸಾಲ ಮಾಡಿ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾಕ್ಕೆಂದು ಕೋಲ್ಕತ್ತಕ್ಕೆ ಹೋದೆ.

ಹೋದ ಹೊಸದರಲ್ಲೇ, 1997ರ ಜುಲೈ 13ರಂದು, ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್. ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್. 1,31,000 ಜನರ ನಡುವೆ ನಾನೂ ಒಬ್ಬ. ಮೋಹನ್ ಬಾಗಾನ್ ಕೋಚ್ ಅಮಲ್ ದತ್ತ ಅವರ ‘ಡೈಮಂಡ್’ ವ್ಯೂಹದ ಬಗ್ಗೆ ಊರೆಲ್ಲ ಮಾತಾಡುತ್ತಿತ್ತು. ಆದರೆ ಗೆದ್ದದ್ದು ಪಿ.ಕೆ. ಬ್ಯಾನರ್ಜಿಯವರ ಈಸ್ಟ್ ಬೆಂಗಾಲ್. ಬೈಚುಂಗ್ ಭುಟಿಯಾ ಹ್ಯಾಟ್ರಿಕ್, 4–1. ಪಿ.ಕೆ.ಯವರು ಪಂದ್ಯಕ್ಕೆ ಮೊದಲು ಆಟಗಾರರನ್ನು ಹುರಿದುಂಬಿಸುವ ಮಾತಿಗೆ ಅಲ್ಲಿ ‘ವೋಕಲ್ ಟಾನಿಕ್’ ಎಂದೇ ಹೆಸರು. ಕೋಚ್‌ನ ನಿಜವಾದ ಉಪಕರಣ ಅವನ ನಾಲಿಗೆ ಎಂಬ ತೀರ್ಮಾನದೊಂದಿಗೆ ನಾನು ಬೆಂಗಳೂರಿಗೆ ಮರಳಿದೆ. 1998ರಲ್ಲಿ ಈ ಕಾಲೇಜು ಸೇರಿದೆ. ಟಾನಿಕ್ ಕೊಡಲು ಶುರು ಮಾಡಿದೆ. ಪಿ.ಕೆ.ಯವರ ಸೀಸೆಯಲ್ಲಿ ಏನೇನಿತ್ತೋ ನನಗೆ ತಿಳಿಯದು. ನನ್ನದರಲ್ಲಿ ಖಾರವೇ ಹೆಚ್ಚಿತ್ತು. ಕಪ್‌ಗಳು ಬಂದವು. ಹಾಗಾಗಿ ಖಾರ ಕಡಿಮೆ ಮಾಡು ಎಂದು ನನಗೆ ಯಾರೂ ಹೇಳಲಿಲ್ಲ.

ಹೇಳದೆಯೂ ತಿಳಿಯಬೇಕಾಗಿದ್ದ ಒಂದು ಸಂದರ್ಭವಿತ್ತು. 2004ರ ಡಿಸೆಂಬರ್ 5, ಕಂಠೀರವ ಕ್ರೀಡಾಂಗಣ, ಮತ್ತೆ ಫೆಡರೇಷನ್ ಕಪ್, ಈ ಸಲ ಫೈನಲ್. ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವ ಹೊತ್ತಿಗೆ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ಏಳಲಿಲ್ಲ. ಅವನಿಗಿನ್ನೂ 25 ವರ್ಷ. ಅವನು ಬಿದ್ದ ಮೊದಲ ಕೆಲವು ಕ್ಷಣ ಗ್ಯಾಲರಿಯಲ್ಲಿ ಕುಳಿತ ನಾನು ಅಂದುಕೊಂಡದ್ದು ಇಷ್ಟೇ: ‘ತಂಡ ಮುಂದಿದೆ, ಸಮಯ ಕಳೆಯುತ್ತಿದ್ದಾನೆ.’ ಇದನ್ನು ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ಅದನ್ನೇ ಬಾಯಿಬಿಟ್ಟು ಹೇಳಿದೆ. ನಮ್ಮ ಹುಡುಗ ಮಧ್ಯದ ಗೆರೆಯ ಹತ್ತಿರ ಮೊಣಕಾಲೂರಿ ಕುಳಿತಾಗ ನಾನು ಗೆರೆಯ ಹೊರಗಿನಿಂದ ಕೂಗಿದೆ, ‘ಏಳೋ, ನಾಟಕ ಸಾಕು!’ ಅವನು ಮುಂದಕ್ಕೆ ಬಾಗಿದ. ನಾನು ಇನ್ನೊಮ್ಮೆ ಕೂಗಿದೆ. ಆಮೇಲೆ ಅವನು ಮುಖ ಅಡಿಯಾಗಿ ಬಿದ್ದ.

ನಿಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದ ಆಟಗಾರರು ನನ್ನ ಮೇಲಿನ ಮರ್ಯಾದೆಗೆ ಸುಮ್ಮನಿದ್ದರು.

ಈಗ ಅಣ್ಣನ ವಿಷಯ. ಮೈದಾನ ನೋಡಿಕೊಳ್ಳುವ ಅವರು ಹುಡುಗರಿಗೆಲ್ಲ ಅಣ್ಣ. ನನಗಿಂತ ನಾಲ್ಕು ವರ್ಷ ದೊಡ್ಡವರಾದ್ದರಿಂದ ನನಗೂ ಅಣ್ಣನೇ. ಪಂದ್ಯದ ದಿನ ಬೆಳಗಿನ ಐದಕ್ಕೆ ಸುಣ್ಣ ಕಲಸಿ ಗೆರೆ ಎಳೆಯುತ್ತಾರೆ. ಟೇಪು ಮುಟ್ಟುವುದಿಲ್ಲ. ಅವರದೇ ಒಂದು ಹಗ್ಗವಿದೆ, ಅದರಲ್ಲಿ ಗಂಟುಗಳಿವೆ: ಗೋಲ್ ಏರಿಯಾಕ್ಕೆ ಐದೂವರೆ ಮೀಟರ್, ನಡುವಿನ ವೃತ್ತಕ್ಕೆ 9.15, ಪೆನಾಲ್ಟಿ ಸ್ಪಾಟ್‌ಗೆ ಹನ್ನೊಂದು, ಪೆನಾಲ್ಟಿ ಏರಿಯಾಕ್ಕೆ ಹದಿನಾರೂವರೆ. ಒಮ್ಮೆ ಅನುಮಾನ ಬಂದು ನಾನು ಟೇಪು ಹಿಡಿದು ಅಳೆದೆ. ತಪ್ಪಿದ್ದದ್ದು ಟೇಪು, ಅದರ ತುದಿಯ ಒಂದು ಅಂಗುಲ ಹರಿದುಹೋಗಿತ್ತು. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದ ರಾತ್ರಿ, ಸ್ಟೋರ್ ರೂಮಿನಲ್ಲಿ ನನ್ನ ಮೊಬೈಲ್ ನೋಡುತ್ತ ಕುಳಿತಿದ್ದವರು ನಾವಿಬ್ಬರೇ. ನಾನು ಅತ್ತೆ. ಅವರು ಬೀಡಿ ಹಚ್ಚಿ, ‘ರೆಫರಿ ಪರವಾಗಿಲ್ಲ’ ಎಂದರು. ಅವರ ಹೊಗಳಿಕೆಯ ಗರಿಷ್ಠ ಮಟ್ಟ ಅದು.

ಜನವರಿಯ ಆ ಸಂಜೆ ನಾನು ಆಂಬುಲೆನ್ಸ್‌ನಲ್ಲಿ ಹೋದೆ. ಒಂದು ಗಂಟೆಯ ಮೇಲೆ ಅಣ್ಣ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಸಿಮೆಂಟ್ ಚೀಲ, ಅದರಲ್ಲಿ ಹುಡುಗನ ಬೂಟು, ಬಟ್ಟೆ, ಮೊಬೈಲ್. ಅದು ಬಡಿದುಕೊಳ್ಳುತ್ತಲೇ ಇತ್ತು. ‘ಅಮ್ಮ’ ಎಂದು ತೋರಿಸುತ್ತಿತ್ತು. ನಾನು ಅದನ್ನು ನೋಡುತ್ತ ನಿಂತೆ. ಒಂದು ಲಕ್ಷ ಜನರ ಗದ್ದಲದಲ್ಲಿ ಕೂತು ನಾಲಿಗೆಯೇ ಕೋಚ್‌ನ ಉಪಕರಣ ಎಂದು ಕಲಿತುಬಂದವನಿಗೆ ಒಂದು ‘ಹಲೋ’ ಹೊರಡಲಿಲ್ಲ. ಅಣ್ಣ ಫೋನ್ ತೆಗೆದುಕೊಂಡು ಹೇಳಿದರು: ‘ಅಮ್ಮಾ, ನಾನು ಕಾಲೇಜಿನ ಮೈದಾನದವನು. ಮಗ ಆಡುವಾಗ ಬಿದ್ದ. ಆಸ್ಪತ್ರೆಯಲ್ಲಿದ್ದಾನೆ. ಉಸಿರಿದೆ. ಮನೆಯವರನ್ನು ಕರೆದುಕೊಂಡು ಇವತ್ತಿನ ಬಸ್ಸಿಗೇ ಹೊರಡಿ.’ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಸುಳ್ಳಿಲ್ಲ. ಅವರು ದಾಂಡೇಲಿಯಿಂದ ಬರಬೇಕಾಗಿತ್ತು, ಇಡೀ ರಾತ್ರಿಯ ದಾರಿ. ಅಣ್ಣ ಎರಡು ಗಂಟೆಗೊಮ್ಮೆ ತಾವಾಗಿಯೇ ಫೋನ್ ಮಾಡಿ, ‘ಉಸಿರಿದೆ’ ಎಂದು ಹೇಳಿ ಇಡುತ್ತಿದ್ದರು. ಬಸ್ಸಿನಲ್ಲಿ ಕೂತ ತಾಯಿಗೆ ಆ ರಾತ್ರಿ ಬೇಕಾಗಿದ್ದ ವೀಕ್ಷಕ ವಿವರಣೆ ಅಷ್ಟೇ ಆಗಿತ್ತು.

ಐಸಿಯು ಹೊರಗೆ ಒಬ್ಬರೇ ಇರಬೇಕು ಎಂದು ಕಾವಲಿನವನು ಅವರನ್ನು ಕೆಳಗೆ ಕಳಿಸಿದ. ಅವರು ಮೆಟ್ಟಿಲಿನ ತಿರುವಿನಲ್ಲಿ, ನನಗೆ ಕಾಣುವ ಹಾಗೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹನ್ನೊಂದರ ಹೊತ್ತಿಗೆ ಬಂದಿದ್ದವರೆಲ್ಲ ಹೊರಟರು. ಅದು ತಪ್ಪಲ್ಲ, ನಾನೇ ಕಳಿಸಿದೆ. ಅಣ್ಣನಿಗೂ ಹೋಗಿ ಎಂದೆ. ‘ಕೊನೆ ಬಸ್ಸು ಹೋಯಿತು’ ಎಂದರು. ಹೋಗಿರಲಿಲ್ಲ. ಬಸ್ಸಿನ ವೇಳೆ ನನಗೂ ಗೊತ್ತು.

ಎರಡೂವರೆಗೆ ಒಳಗೆ ಏನೋ ಓಡಾಟ ಶುರುವಾಯಿತು. ಬಾಗಿಲು ತೆರೆಯುವುದು, ಮುಚ್ಚುವುದು. ಕಾಲು ನಡುಗಿ ನಾನೂ ಮೆಟ್ಟಿಲಿಗೆ ಹೋಗಿ ಅವರ ಪಕ್ಕ ಕುಳಿತೆ. ಕಾವಲಿನವನು ಏನೂ ಅನ್ನಲಿಲ್ಲ. ಅಣ್ಣ ನನ್ನ ಕೊರಳು ನೋಡಿ, ‘ಸಾರ್, ಸೀಟಿ’ ಎಂದರು. ಸಂಜೆಯಿಂದ ಅದು ಕೊರಳಲ್ಲೇ ನೇತಾಡುತ್ತಿತ್ತು. ತೆಗೆದು ಜೇಬಿಗೆ ಹಾಕಿದೆ. ಆಗ ಬಾಯಿಂದ ಬಂತು: ‘ಅಣ್ಣ, ನಾನು ಕೂಗಬಾರದಿತ್ತು.’

ಆ ಹೊತ್ತಿಗಾಗಲೇ ಎಂಟು ಹತ್ತು ಮಂದಿ ಫೋನಿನಲ್ಲಿ ‘ನಿಮ್ಮದೇನೂ ತಪ್ಪಿಲ್ಲ’ ಎಂದಿದ್ದರು. ಡ್ಯೂಟಿ ಡಾಕ್ಟರ್ ಕೂಡ, ಇದು ಹುಟ್ಟಿನಿಂದಲೇ ಇದ್ದ ತೊಂದರೆ, ಯಾವತ್ತಾದರೂ ಆಗಬಹುದಿತ್ತು ಎಂದಿದ್ದರು. ಅಣ್ಣನೂ ಅದನ್ನೇ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ಅದಕ್ಕಾಗಿಯೇ ಆ ಮಾತು ತೆಗೆದಿದ್ದೆ.

ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ನನ್ನ ಕೈಗಿಟ್ಟು ಹೇಳಿದರು: ‘ಕೂಗಿದ್ದು ನನಗೂ ಕೇಳಿಸಿತು ಸಾರ್. ಎರಡು ಸಲ. ಅದರಿಂದ ಬಿದ್ದನೋ ಇಲ್ಲವೋ ಡಾಕ್ಟರಿಗೆ ಗೊತ್ತು. ಆದರೆ ಅವನಿಗೂ ಕೇಳಿಸಿರುತ್ತದೆ. ಎದ್ದ ಮೇಲೆ ನೀವೇ ಹೋಗಿ ಹೇಳಿ. ಬೇರೆ ಹುಡುಗರ ಬಾಯಿಂದ ಹೋಗುವುದು ಬೇಡ.’

ಅಷ್ಟೇ. ಬೈಯಲಿಲ್ಲ, ಬೆನ್ನು ಸವರಲಿಲ್ಲ. ‘ಎದ್ದ ಮೇಲೆ’ ಎಂದರು, ‘ಎದ್ದರೆ’ ಎನ್ನಲಿಲ್ಲ. ಬೆಳಗಿನ ತನಕ ಪಕ್ಕದಲ್ಲೇ ಕುಳಿತರು. ಆರೂವರೆಗೆ ಹುಡುಗನ ತಂದೆ ತಾಯಿ ಬಂದಾಗ ಚೀಲವನ್ನು ಅವರ ಕೈಗೆ ಕೊಟ್ಟರು. ಬೂಟಿನ ಮಣ್ಣನ್ನು ರಾತ್ರಿ ಯಾವಾಗಲೋ ಒರೆಸಿಟ್ಟಿದ್ದರು. ಆಮೇಲೆ ಮೈದಾನಕ್ಕೆ ನೀರು ಬಿಡಬೇಕು ಎಂದು ಹೊರಟುಹೋದರು.

ನಾನು ಹುಡುಗನಿಗೆ ಹೇಳಿದ್ದು ಒಂಬತ್ತನೆಯ ದಿನ. ವಾರ್ಡಿನಲ್ಲಿ, ಅವನ ಅಮ್ಮನ ಎದುರಿಗೇ. ನೀನು ಬೀಳುವಾಗ ನಾಟಕ ಎಂದು ಕೂಗಿದೆ, ತಪ್ಪಾಯಿತು ಎಂದೆ. ಅವನು ಸ್ವಲ್ಪ ಯೋಚಿಸಿ, ನಕ್ಕು, ‘ನೆನಪಿಲ್ಲ ಸಾರ್. ನೀವು ದಿನವೂ ಹಾಗೆಯೇ ಕೂಗುತ್ತೀರಲ್ಲ’ ಎಂದ.

ಕ್ಷಮಿಸಿದ್ದರೂ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಇದಕ್ಕೆ ಸಿದ್ಧನಾಗಿರಲಿಲ್ಲ. ಇಪ್ಪತ್ತೇಳು ವರ್ಷದ ಹುಡುಗರೆಲ್ಲ ಆ ಮಂಚದ ಸುತ್ತ ಬಂದು ನಿಂತ ಹಾಗಾಯಿತು. ನಿಮ್ಮಲ್ಲಿ ಯಾರು ಯಾರಿಗೆ ಯಾವಾಗ ಏನೆಂದಿದ್ದೆನೋ ನನಗೆ ನೆನಪಿಲ್ಲ. ನಿಮಗೆ ಇರುತ್ತದೆ. ಅದನ್ನು ಇಟ್ಟುಕೊಂಡೂ ಬೆಳಗಾಗುವುದರೊಳಗೆ ಹಣ ಕೂಡಿಸಿದಿರಿ.

ಸರಿ, ಮುಂದಿನ ಮಾತು. ಹಳೆಯ ಆಟಗಾರರು ಕೊಡಿಸಿದ ಡಿಫಿಬ್ರಿಲೇಟರ್, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ಈಗ ಸ್ಟೋರ್ ರೂಮಿನ ಹೊರಗೋಡೆಯ ಮೇಲಿದೆ, ಬೀಗವಿಲ್ಲದೆ. ಹೃದಯ ನಿಂತಾಗ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಬೀಗದ ಕೈ ಹುಡುಕಲು ಸಮಯವಿರುವುದಿಲ್ಲ. ಎದೆ ಒತ್ತುವುದನ್ನು, ನಿಮಿಷಕ್ಕೆ 100ರಿಂದ 120 ಸಲ, ತಂಡದ ಎಲ್ಲರೂ ಬೊಂಬೆಯ ಮೇಲೆ ಕಲಿತರು. ಕಲಿಸಿದವನು ಅದೇ ಎದುರಾಳಿ ಗೋಲ್‌ಕೀಪರ್. ಇಟಲಿಯಲ್ಲಿ 1982ರಿಂದಲೂ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ನಮ್ಮ ಕಾಲೇಜಿನಲ್ಲಿ ಈ ವರ್ಷದಿಂದ. ತಡವಾಯಿತು, ಆದರೂ ಒಪ್ಪಿದ ಆಡಳಿತ ಮಂಡಳಿಗೆ ಇನ್ನೊಂದು ನಮಸ್ಕಾರ.

ಡೆನ್ಮಾರ್ಕ್‌ನ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಹೃದಯ ನಿಂತು 2021ರ ಜೂನ್‌ನಲ್ಲಿ ಬಿದ್ದು 2022ರ ಫೆಬ್ರವರಿಗೆ ಮತ್ತೆ ಆಡಲಿಲ್ಲವೇ, ನಾನು ಯಾವಾಗ ಸಾರ್ ಎಂದು ಹುಡುಗ ವಾರಕ್ಕೊಮ್ಮೆ ಕೇಳುತ್ತಾನೆ. ಅದನ್ನು ಹೇಳಬೇಕಾದವರು ಡಾಕ್ಟರ್. ಸದ್ಯಕ್ಕೆ ಅವನು ಬೆಳಿಗ್ಗೆ ಐದಕ್ಕೆ ಬಂದು ಅಣ್ಣನ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಾನೆ. ಗಂಟು ಸಡಿಲ ಬಿಟ್ಟರೆ ಅಣ್ಣ ಅವನಿಗೆ ಬೈಯುತ್ತಾರಂತೆ.

ಅಣ್ಣ, ಇದನ್ನು ನಿಮ್ಮ ಮೊಮ್ಮಗಳು ಓದಿ ಹೇಳುತ್ತಾಳೆ. ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಸ್ಟೋರ್ ರೂಮಿನ ಎರಡನೆಯ ಬೀಗದ ಕೈ ಮತ್ತು ಎರಡು ಚೆಂಡು ಇನ್ನೂ ನಮ್ಮ ಮನೆಯಲ್ಲೇ ಉಳಿದಿವೆ. ಸೋಮವಾರ ತಂದುಕೊಡುತ್ತೇನೆ. ಒಂದು ಚೆಂಡಿಗೆ ಗಾಳಿ ನಿಲ್ಲುತ್ತಿಲ್ಲ.