ಸ್ವವಿವರ ಬರೆಯುವುದನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ನೀಡುವ ಯುವನಿಧಿ ಯೋಜನೆಗೆ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಸಂದರ್ಶನದ ಮೇಜಿನವರೆಗೆ ಹೋಗುವ ದಾರಿಯನ್ನು ನಮ್ಮ ಕಾಲೇಜುಗಳು ಸರಿಯಾಗಿ ತೋರಿಸುತ್ತಿಲ್ಲ.

ಈಚೆಗೆ ಪರಿಚಯದ ಬಿ.ಕಾಂ. ಪದವೀಧರನೊಬ್ಬ ತನ್ನ ರೆಸ್ಯೂಮೆ ತೋರಿಸಿದ. ಸೈಬರ್ ಸೆಂಟರ್‌ನವರು ಎಲ್ಲರಿಗೂ ಕೊಡುವ ಅದೇ ನಮೂನೆ: ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ‘ಕಠಿಣ ಪರಿಶ್ರಮಿ’ ಎಂಬ ಹೊಗಳಿಕೆ, ಕೊನೆಗೊಂದು ಪ್ರಮಾಣವಚನ. ಸೋದರಮಾವನ ಅಡಿಕೆ ಮಂಡಿಯಲ್ಲಿ ಎರಡು ವರ್ಷ ಟ್ಯಾಲಿಯಲ್ಲಿ ಲೆಕ್ಕ ಬರೆದದ್ದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸಲು ನೆರವಾದದ್ದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ‘ಅದು ಮನೆಯ ಕೆಲಸ ಅಲ್ಲವೇ ಸರ್’ ಎಂದ! ಲೆಕ್ಕಪತ್ರ ವಿಭಾಗದ ಹುದ್ದೆಗೆ ಅರ್ಜಿ ಹಾಕುವವನಿಗೆ ಅದಕ್ಕಿಂತ ದೊಡ್ಡ ಅರ್ಹತೆ ಯಾವುದಿದೆ? ಎಷ್ಟು ಬಿಲ್ಲುಗಳನ್ನು ನೋಡಿಕೊಂಡೆ, ಯಾವ ತಪ್ಪು ಹಿಡಿದೆ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿದ್ದರೆ, ಸಂದರ್ಶಕರು ಅದನ್ನೇ ಕೇಳುತ್ತಿದ್ದರು, ಅವನೂ ಬಾಯಿಪಾಠದ ಇಂಗ್ಲಿಷ್ ವಾಕ್ಯಗಳಿಗೆ ಜೋತು ಬೀಳದೆ ತಾನು ಕಂಡದ್ದನ್ನು ಹೇಳುತ್ತಿದ್ದ.

ಆದ್ದರಿಂದ ಪದವಿ ಕಾಲೇಜುಗಳ ಉದ್ಯೋಗ ಕೋಶಗಳು ಅಂತಿಮ ಸೆಮಿಸ್ಟರ್‌ನಲ್ಲಿ ಪ್ರತಿ ವಿದ್ಯಾರ್ಥಿಯ ಸ್ವವಿವರವನ್ನು ಅವರಿಂದಲೇ ಬರೆಸಿ, ತಿದ್ದಿ, ಊರಿನ ನಿವೃತ್ತ ಬ್ಯಾಂಕ್ ಅಧಿಕಾರಿಗಳ ನೆರವಿನಿಂದ ಅಣಕು ಸಂದರ್ಶನಗಳನ್ನು, ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ನಡೆಸಬೇಕೆಂದು ಕಾಲೇಜು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ವಾಣಿಜ್ಯ ಉಪನ್ಯಾಸಕ, ಸಾಗರ