ಒಂಬತ್ತು ಡಾಲರ್ ಮೆರ್ಲೋ, ಎರಡನೇ ದಿನದ ರುಚಿ

ಚೇತು,

ಮೆರ್ಲೋ ಅನ್ನುವ ಕೆಂಪು ವೈನಿನ ಬಾಟಲಿಯ ಫೋಟೋ ಕಳಿಸಿ "ಚಿಕ್ಕಮ್ಮ, ಇದು ಓಕೆನಾ? ಶನಿವಾರ ಮ್ಯಾನೇಜರ್ ಮನೆಗೆ ತಗೊಂಡು ಹೋಗಬೇಕು" ಅಂತ ನೀನು ಕೇಳಿ ಮೂರು ದಿನವಾಯಿತು. ಮರೆತಿರಲಿಲ್ಲ ಕಣೋ. ಅದೇ ಬಾಟಲಿಯನ್ನು ನಾನೂ 9 ಡಾಲರ್ ಕೊಟ್ಟು ತಂದೆ, ಜೊತೆಗೆ ಅದೇ ಬೆಲೆಯ ಚಿಲಿ ದೇಶದ ಮೆರ್ಲೋ ಒಂದನ್ನೂ ತಂದೆ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಎರಡು ಸಂಜೆ ಕುಡಿದು ನೋಡಿದೆ. ನಿನ್ನ ಚಿಕ್ಕಪ್ಪ ಪಾಪ, ಬಹಳ ಕಷ್ಟಪಟ್ಟು ಸಹಾಯ ಮಾಡಿದರು.

ಅಗ್ಗದ ವೈನ್ ಅಂತ ನಾಚಿಕೊಳ್ಳಬೇಡ. ನಾನು ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಹನ್ನೊಂದು ವರ್ಷ ದಿನಸಿ ಅಂಗಡಿಯಲ್ಲಿ ದುಡಿದವಳು, ಅದರಲ್ಲಿ ಆರು ವರ್ಷ ವೈನ್ ಶೆಲ್ಫ್ ಜೋಡಿಸುವ ಕೆಲಸ ನನ್ನದೇ. ಶುರುವಿನಲ್ಲಿ "ಮೆರ್ಲಾಟ್" ಅಂತ ಓದುತ್ತಿದ್ದೆ. ಕೊನೆಯ ಅಕ್ಷರ ನುಂಗಬೇಕು ಅಂತ ಒಬ್ಬ ಗಿರಾಕಿ ಮೆಲ್ಲಗೆ ಹೇಳಿಕೊಟ್ಟ. ಆ ಆರು ವರ್ಷದಲ್ಲಿ ಒಂದಂತೂ ಗೊತ್ತಾಯಿತು: ಭಾರದ ಬಾಟಲಿ, ತಳದಲ್ಲಿ ಆಳವಾದ ಗುಳಿ, ಬಂಗಾರದ ಸ್ಟಿಕ್ಕರ್, ಇವು ಯಾವುದಕ್ಕೂ ಒಳಗಿನ ರುಚಿಗೂ ಸಂಬಂಧವಿಲ್ಲ. ತಿರುಗಿಸುವ ಮುಚ್ಚಳ ಇದ್ದರೆ ಕೀಳು ಅಂದುಕೊಳ್ಳಬೇಡ, ಈ ಬೆಲೆಗೆ ನನಗೆ ಅದೇ ಇಷ್ಟ.

ಮೆರ್ಲೋ ಫ್ರಾನ್ಸ್‌ನ ಬೋರ್ಡೋ ಕಡೆಯ ದ್ರಾಕ್ಷಿ. ಪೊಮೆರೋಲ್ ಅನ್ನುವ ಪುಟ್ಟ ಊರಿನ ಜೇಡಿಮಣ್ಣಿನಲ್ಲಿ ಬೆಳೆದು ಪೆಟ್ರೂಸ್ ಅನ್ನುವ ಹೆಸರಿನಲ್ಲಿ ಸಾವಿರಾರು ಡಾಲರಿಗೆ ಮಾರಾಟವಾಗುವುದೂ ಇದೇ ಮೆರ್ಲೋ. (ನಮ್ಮ ನಂದಿಬೆಟ್ಟದ ಹತ್ತಿರದ ಗ್ರೋವರ್ ವೈನ್ ಕಂಪನಿಯವರಿಗೆ 90ರ ದಶಕದಲ್ಲಿ ಸಲಹೆ ಕೊಡಲು ಬಂದ ಫ್ರೆಂಚ್ ವೈನ್ ತಜ್ಞ ಮಿಶೆಲ್ ರೋಲಾಂ ಅದೇ ಪೊಮೆರೋಲ್‌ನ ದ್ರಾಕ್ಷಿ ತೋಟದ ಮನೆಯವರು. ಊರಿಗೆ ಹೋದಾಗ ಯಾರಾದರೂ ದೊಡ್ಡಸ್ತಿಕೆ ಕೊಚ್ಚಿದರೆ ಇದನ್ನು ಹೇಳು.) ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ಇನ್ನೊಂದು ಕೆಂಪು ವೈನ್ ದ್ರಾಕ್ಷಿಗಿಂತ ಇದು ಮೊದಲೇ ಹಣ್ಣಾಗುತ್ತದೆ, ಸಿಪ್ಪೆ ತೆಳು, ಒಗರು ಕಮ್ಮಿ. ಹಾಗಾಗಿ ಹೊಸದಾಗಿ ಕುಡಿಯುವವರಿಗೂ ಗಂಟಲಿನಲ್ಲಿ ಸುಲಭವಾಗಿ ಇಳಿಯುತ್ತದೆ.

ಆ ಸುಲಭ ಗುಣವೇ ಅದಕ್ಕೆ ಮುಳುವಾಯಿತು. 1991ರಲ್ಲಿ ಇಲ್ಲಿನ ಟೀವಿಯಲ್ಲಿ ಒಂದು ಕಾರ್ಯಕ್ರಮ ಬಂತು, ಫ್ರೆಂಚರು ಅಷ್ಟು ಬೆಣ್ಣೆ, ಚೀಸ್ ತಿಂದರೂ ಅವರ ಹೃದಯ ಚೆನ್ನಾಗಿರುವುದಕ್ಕೆ ಕೆಂಪು ವೈನ್ ಕಾರಣ ಇರಬಹುದು ಅಂತ. ಜನ ಅಂಗಡಿಗೆ ಮುಗಿಬಿದ್ದರು, ರೈತರು ಸಿಕ್ಕ ಸಿಕ್ಕ ಜಾಗದಲ್ಲೆಲ್ಲ ಮೆರ್ಲೋ ಹಾಕಿದರು, ನೀರು ನೀರಾದ ವೈನ್ ರಾಶಿ ರಾಶಿ ಬಂತು. ಆಮೇಲೆ 2004ರಲ್ಲಿ ಬಂದ ಒಂದು ಸಿನಿಮಾದಲ್ಲಿ ಅದನ್ನು ಬೈದರು ಅಂತ ಮೆರ್ಲೋ ಕುಡಿಯುವುದೇ ಅವಮಾನ ಅನ್ನುವ ಹಾಗಾಯಿತು. ನಮ್ಮಂಥವರಿಗೆ ಒಳ್ಳೆಯದೇ ಆಯಿತು ಬಿಡು. ಫ್ಯಾಷನ್ ಕಳೆದುಕೊಂಡ ಮಾಲು ಬೆಲೆಗೆ ತಕ್ಕ ಹಾಗೆ ಸಿಗುತ್ತದೆ. ಹೃದಯದ ವಿಷಯ ಮಾತ್ರ ಮರೆತುಬಿಡು. ಎಷ್ಟು ಕಮ್ಮಿ ಕುಡಿದರೂ ಪೂರ್ತಿ ಸುರಕ್ಷಿತ ಅನ್ನಲಾಗದು ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2023ರಲ್ಲೇ ಹೇಳಿದ್ದಾರೆ. ಕುಡಿಯುವುದಾದರೆ ರುಚಿಗೆ ಅಂತ ಕುಡಿ, ಔಷಧಿ ಅಂತ ಅಲ್ಲ.

ಈಗ ನಿನ್ನ ಬಾಟಲಿಗೆ ಬರೋಣ. ಲೇಬಲ್ ಮೇಲೆ ಮೆರ್ಲೋ ಅಂತ ಇದ್ದರೂ ಇಲ್ಲಿನ ಕಾನೂನಿಗೆ 75% ಮೆರ್ಲೋ ಇದ್ದರೆ ಸಾಕು. ಊರಿನ ಜಾಗದಲ್ಲಿ "ಕ್ಯಾಲಿಫೋರ್ನಿಯಾ" ಅಂತಷ್ಟೇ ಇದೆ, ಅಂದರೆ ರಾಜ್ಯದ ಯಾವ ಮೂಲೆಯ ದ್ರಾಕ್ಷಿಯಾದರೂ ಇರಬಹುದು. ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ವ್ಯಾಲಿ ಅಂತಲೋ, ಚಿಲಿಯ ಕೋಲ್ಚಾಗುವಾ ಅಂತಲೋ ಒಂದು ಪ್ರದೇಶದ ಹೆಸರಿದ್ದರೆ ನಾನು ಸ್ವಲ್ಪ ಜಾಸ್ತಿ ನಂಬುತ್ತೇನೆ. ಇಸವಿ ನೋಡು. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಈ ಬೆಲೆಗೆ ನಡೆಯುವುದಿಲ್ಲ, ಮೂರು ನಾಲ್ಕು ವರ್ಷದೊಳಗಿನದನ್ನೇ ತಗೊ.

ಕುಡಿಯುವ ಮುಂಚೆ ಬಾಟಲಿಯನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡು. ಕೆಂಪು ವೈನ್ ರೂಮಿನ ತಾಪಮಾನದಲ್ಲಿ ಕುಡಿಯಬೇಕು ಅಂತಾರಲ್ಲ, ಅದು ಚಳಿ ದೇಶದ ಹಳೆಯ ಕಲ್ಲಿನ ಮನೆಯ ರೂಮು, ನಿನ್ನ ಅಪಾರ್ಟ್‌ಮೆಂಟ್ ಅಲ್ಲ. 16, 17 ಡಿಗ್ರಿ ಇದ್ದರೆ ಚೆನ್ನ. ಬೆಚ್ಚಗಾದರೆ ಬರೀ ಸ್ಪಿರಿಟ್ಟಿನ ಘಾಟು ಮೂಗಿಗೆ ಹೊಡೆಯುತ್ತದೆ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ, ಎರಡು ಸುತ್ತು ತಿರುಗಿಸಿ, ಮೂಗು ಒಳಗಿಟ್ಟು ಮೂಸು. ನೆಂದ ರಟ್ಟಿನ ಡಬ್ಬದ ಮುಗ್ಗಲು ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ ಅಂತ ಅರ್ಥ, ಸಂಕೋಚ ಪಡದೆ ವಾಪಸ್ ಕೊಡು. ವಿನೆಗರ್ ಅಥವಾ ನೇಲ್ ಪಾಲಿಷ್ ರಿಮೂವರ್ ವಾಸನೆ ಬಂದರೂ ಅಷ್ಟೇ.

ಮೊದಲ ಸಂಜೆ ನಿನ್ನ ಬಾಟಲಿಯನ್ನು ತೆರೆದ ಕೂಡಲೇ ಘಮ್ ಅಂತು. ವೆನಿಲಾ, ಚಾಕಲೇಟು, ಜಾಮು. ಚಿಕ್ಕಪ್ಪ "ಇದೇ ಚೆನ್ನಾಗಿದೆ" ಅಂತ ತೀರ್ಪೇ ಕೊಟ್ಟುಬಿಟ್ಟರು. ಚಿಲಿಯದ್ದು ಹೋಲಿಸಿದರೆ ಸಪ್ಪೆ. ಮೂಸಿದರೆ ಹಸಿ ಕ್ಯಾಪ್ಸಿಕಂ ಹೆಚ್ಚಿದ ಹಾಗೆ ಒಂದು ಎಳೆ ವಾಸನೆ. ಅದಕ್ಕೊಂದು ಕಥೆ ಇದೆ. ಚಿಲಿಯವರು ಎಷ್ಟೋ ಕಾಲದಿಂದ ಮೆರ್ಲೋ ಅಂತ ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ಕಾರ್ಮೆನೇರ್ ಅನ್ನುವ ಬೇರೆ ಜಾತಿ ಅಂತ 1994ರಲ್ಲಿ ಬೂರ್ಸಿಕೋ ಅನ್ನುವ ಫ್ರೆಂಚ್ ತಜ್ಞರು ತೋಟಕ್ಕೆ ಬಂದು ಗುರುತಿಸಿದರು. ಆ ಹಸಿರು ವಾಸನೆ ಕಾರ್ಮೆನೇರ್‌ಗೆ ಜಾಸ್ತಿ. ಸರಿಯಾಗಿ ಹಣ್ಣಾಗದ ಮೆರ್ಲೋಗೂ ಬರುತ್ತದೆ. ಒಂದು ಚೂರು ಇದ್ದರೆ ನನಗೆ ಬೇಜಾರಿಲ್ಲ, ಅಡಿಗೆಗೆ ಒಗ್ಗುತ್ತದೆ.

ನಾಲಿಗೆಯ ವಿಷಯಕ್ಕೆ ನೀನು ಹೆದರಬೇಕಾಗಿಲ್ಲ. ಇಲ್ಲಿನವರು ಟ್ಯಾನಿನ್ ಅಂದರೆ ಏನು ಅಂತ ವಿವರಿಸಲು ಒದ್ದಾಡುತ್ತಾರೆ, ನಮ್ಮ ಹತ್ತಿರ ಒಗರು ಅನ್ನುವ ಮಾತೇ ಇದೆ. ಅಜ್ಜಿ ಮನೆ ಹಿಂದಿನ ನೇರಳೆ ಮರ ನೆನಪಿದೆಯಲ್ವಾ? ನೀನು ದೋರೆಗಾಯಿ ತಿಂದು ನಾಲಿಗೆ ಎಳೆದುಕೊಂಡು, ಹಲ್ಲಿಗೆ ಬಟ್ಟೆ ಸುತ್ತಿದ ಹಾಗಾಗಿ ಅಳುತ್ತಿದ್ದೆ. ಚೆನ್ನಾಗಿ ಕಪ್ಪಾದ ಹಣ್ಣಿನಲ್ಲೂ ಒಗರು ಇರುತ್ತಿತ್ತು, ಆದರೆ ಸಿಹಿ, ಹುಳಿ ಎರಡೂ ಅದರ ಜೊತೆಗೆ ನಿಂತಿರುತ್ತಿದ್ದವು. ಒಳ್ಳೆಯ ಮೆರ್ಲೋ ಆ ಎರಡನೇ ಹಣ್ಣು. ಒಂದು ಗುಟುಕು ಬಾಯಲ್ಲಿ ಆಡಿಸಿ, ನುಂಗಿದ ಮೇಲೆ ಮನಸ್ಸಿನಲ್ಲೇ ಎಣಿಸು. ನಿನ್ನದು ನಾಲ್ಕು ಎಣಿಸುವುದರೊಳಗೆ ಮಾಯ, ತುಟಿಯ ಮೇಲೆ ಅಂಟು ಸಿಹಿ ಮಾತ್ರ ಉಳಿಯಿತು. ಚಿಲಿಯದ್ದು ಒಂಬತ್ತರ ತನಕ ಇತ್ತು, ಬಾಯಲ್ಲಿ ನೀರೂ ಬಂತು. ಬಾಯಲ್ಲಿ ನೀರು ಬಂದರೆ ಹುಳಿ ಸರಿಯಾಗಿದೆ ಅಂತ ಲೆಕ್ಕ.

ಎರಡೂ ಬಾಟಲಿಗೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟೆ. ಮೀನು ಸಾರು ಮರುದಿನಕ್ಕೇ ರುಚಿ ಅಂತ ನಿಮ್ಮಮ್ಮ ಹೇಳುತ್ತಿರುತ್ತಾಳಲ್ಲ, ನಾನು ಅಗ್ಗದ ವೈನಿಗೂ ಅದೇ ಪರೀಕ್ಷೆ ಇಟ್ಟಿದ್ದೇನೆ. ಗಾಳಿ ಆಡಿದ ಮೇಲೆ ಮೊದಲ ದಿನದ ಹಣ್ಣಿನ ಘಮ ಇಳಿಯುತ್ತದೆ, ಆಗ ಒಳಗೆ ನಿಜವಾಗಿ ಏನಿದೆಯೋ ಅದು ಕಾಣುತ್ತದೆ. ಮರುದಿನ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದು ಕುಡಿದರೆ, ನಿನ್ನದು ಆಲೆಮನೆಯ ಜೋನಿಬೆಲ್ಲಕ್ಕೆ ನೀರು ಬೆರೆಸಿ ಐಸ್‌ಕ್ರೀಮ್ ಎಸೆನ್ಸ್ ಹಾಕಿದ ಹಾಗಿತ್ತು. ಅಗ್ಗದ ವೈನಿನಲ್ಲಿ ಪೀಪಾಯಿಯ ಖರ್ಚು ಉಳಿಸಲು ಓಕ್ ಮರದ ಚಕ್ಕೆ ನೆನೆಸುತ್ತಾರೆ, ವೆನಿಲಾ ವಾಸನೆ ಅದರಿಂದಲೂ ಬರುತ್ತದೆ. ಚಕ್ಕೆ ಹಾಕಿದ್ದು ತಪ್ಪು ಅಂತ ಅಲ್ಲ. ಚಕ್ಕೆಯ ವಾಸನೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಕಷ್ಟ. ಸಕ್ಕರೆ ಎಷ್ಟು ಉಳಿದಿದೆ ಅಂತ ಲೇಬಲ್ ಮೇಲೆ ಬರೆಯಬೇಕೆಂಬ ನಿಯಮ ಇಲ್ಲಿಲ್ಲ, ನಾಲಿಗೆಯೇ ಹೇಳಬೇಕು. ಚಿಲಿಯದ್ದು ಮರುದಿನ ಮೆತ್ತಗಾಗಿತ್ತು, ಕ್ಯಾಪ್ಸಿಕಂ ವಾಸನೆ ಹಿಂದೆ ಸರಿದು ನೇರಳೆ ಮುಂದೆ ಬಂದಿತ್ತು. ಚಿಕ್ಕಪ್ಪ ತೀರ್ಪು ಬದಲಿಸಿ ಅದನ್ನೇ ಖಾಲಿ ಮಾಡಿದರು.

ನೀನು ಮನೆಯಲ್ಲಿ ಕುಡಿಯುವಾಗ ಖಾರದ ಸಾರಿನ ಜೊತೆ ಮಾತ್ರ ಬೇಡ. ಖಾರ ಬಿದ್ದರೆ ವೈನಿನ ಒಗರೂ ಉರಿಯೂ ಎರಡರಷ್ಟಾಗುತ್ತದೆ. ಉಪ್ಪು, ಕೊಬ್ಬು ಇರುವುದಕ್ಕೆ ಸೇರುತ್ತದೆ. ಖಾರ ಕಮ್ಮಿ ಹಾಕಿದ ಮಟನ್ ಚಾಪ್ಸ್, ಬೆಣ್ಣೆ ಹಾಕಿ ಹುರಿದ ಅಣಬೆ, ಇಂಥದ್ದು.

ಇನ್ನೊಂದು. ಹಿಂದೆ ಒಮ್ಮೆ ನಾನು ದೊಡ್ಡಸ್ತಿಕೆಗೆ 40 ಡಾಲರಿನ ಬಾಟಲಿ ಕೊಂಡು, ಜುಲೈ ಬಿಸಿಲಲ್ಲಿ ಮಧ್ಯಾಹ್ನವಿಡೀ ಕಾರಿನ ಡಿಕ್ಕಿಯಲ್ಲಿ ಬಿಟ್ಟಿದ್ದೆ. ಗೃಹಪ್ರವೇಶದ ಮನೆಯಲ್ಲಿ ಹೊರಗೆ ತೆಗೆದರೆ ಕಾರ್ಕ್ ಅರ್ಧ ಬೆರಳು ಮೇಲೆದ್ದಿದೆ, ಬಾಟಲಿ ಕುತ್ತಿಗೆಯೆಲ್ಲ ಅಂಟು. ರುಚಿ ನೋಡಿದರೆ ಬೇಯಿಸಿದ ಒಣದ್ರಾಕ್ಷಿ. ಮನೆಯವರು ಏನೂ ಹೇಳಲಿಲ್ಲ, ಸಿಂಕಿಗೆ ಸುರಿದ ಸದ್ದು ಮಾತ್ರ ಕೇಳಿಸಿತು.

ಶನಿವಾರ ನೀನೂ ಕುಡಿಯುವುದಾದರೆ ಗಾಡಿ ರೂಮ್‌ಮೇಟ್ ಓಡಿಸಲಿ ಅಥವಾ ಊಬರ್ ಮಾಡು. ಕುಡಿದು ಓಡಿಸಿ ಸಿಕ್ಕಿಬಿದ್ದವರ ವೀಸಾವನ್ನೇ ಇಲ್ಲಿನವರು ರದ್ದು ಮಾಡಿದ ಉದಾಹರಣೆಗಳಿವೆ, ನಿನ್ನದು ಇನ್ನೂ ಎಚ್-1ಬಿ, ಕೆಲಸದ ಮೇಲೆ ಕೊಟ್ಟ ತಾತ್ಕಾಲಿಕ ವೀಸಾ. ಇದರಲ್ಲಿ ವಾದ ಬೇಡ.

ಚಿಲಿಯ ಬಾಟಲಿಯ ಫೋಟೋ ಕಳಿಸಿದ್ದೇನೆ, ನೋಡು. ಎರಡು ತಗೊ, ಒಂದು ಅವರಿಗೆ, ಒಂದು ನಿನಗೆ, ಹಿಂದಿನ ದಿನವೇ ತೆರೆದು ರುಚಿ ನೋಡುವುದಕ್ಕೆ. ಡಿಕ್ಕಿಯಲ್ಲಿ ಇಡಬೇಡ, ಎಸಿ ಹಾಕಿ ಕಾಲ ಹತ್ತಿರ ಇಟ್ಟುಕೊಂಡು ಹೋಗು.

ನಿನ್ನ ಚಿಕ್ಕಮ್ಮ